ನೌಕರಿ ‘ಹತ್ತುವುದು’, ಕಸುಬು ‘ಕಲಿಯುವುದು’: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಗಡಿಯಲ್ಲಿ ಕೆಲಸದ ಕಥನ

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡಿದ್ದೀನಿ. ಇಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡ್ತದೆ, ಹಾಗಾಗಿ ವಿಡಿಯೊ ಬಂದ್ ಮಾಡಿ ಮಾತಾಡ್ತೀನಿ.

ನನಗೆ ಕೊಟ್ಟಿರುವ ವಿಷಯ ಗ್ರಾಮೀಣ ಯುವಜನರ ವೃತ್ತಿ ತರಬೇತಿ ಮತ್ತು ಉದ್ಯೋಗಾವಕಾಶ. ಕ್ಷೇತ್ರ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್. ಇದು ಅರ್ಥಶಾಸ್ತ್ರದವರು ಮಾತಾಡಬೇಕಾದದ್ದು ಅಂತ ಕೆಲವರಿಗೆ ಅನ್ನಿಸಬಹುದು. ನಾನು ಕನ್ನಡ ಎಂ.ಎ. ಓದುವವನು, ನನ್ನ ಹತ್ತಿರ ಸಮೀಕ್ಷೆ ಇಲ್ಲ. ಆದರೆ ಒಂದು ಕೆಲಸವನ್ನು ಯಾವ ಮಾತಿನಲ್ಲಿ ಕರೀತೀವಿ ಅನ್ನೋದರ ಮೇಲೆ ಆ ಕೆಲಸಕ್ಕೆ ಸಿಗುವ ಬೆಲೆಯೂ ನಿಂತಿರುತ್ತದೆ. ಆ ಮಾತುಗಳನ್ನು ಓದುವುದು ನಮ್ಮ ಶಿಸ್ತಿನ ಕೆಲಸವೇ. ಆದ್ದರಿಂದ ಸರ್ಕಾರಿ ಯೋಜನೆಗಳ ಭಾಷೆ, ಸೀರೆಗಳ ಬಗ್ಗೆ ಹೇಳುವ ಕಥೆ, ನಮ್ಮ ಕಾದಂಬರಿ, ವಚನ, ಕೊನೆಗೆ ‘ಸ್ಥಳೀಯ’ ಎಂಬ ಕಾನೂನಿನ ಪದ, ಇವನ್ನು ಪಠ್ಯಗಳಂತೆ ಓದಲು ಪ್ರಯತ್ನಿಸಿದ್ದೇನೆ.

ಮೊದಲು ನಮ್ಮ ಮನೆಗಳ ಮಾತಿನಿಂದ ಶುರು ಮಾಡ್ತೀನಿ. ಮಕ್ತಲ್ ಕಡೆಯ ಕನ್ನಡದಲ್ಲಿ, ರಾಯಚೂರು ಕಡೆಯಲ್ಲೂ, ಯಾರಿಗೂ ನೌಕರಿ ‘ಸಿಗುವುದಿಲ್ಲ’. ‘ಹತ್ತುತ್ತದೆ’. “ನಿಮ್ಮ ಹುಡುಗಗ ನೌಕರಿ ಹತ್ತಿತೇನು?” ಅಂತ ಕೇಳ್ತಾರೆ. ಬೆಂಕಿ ಹತ್ತುತ್ತದೆ, ರೋಗ ಹತ್ತುತ್ತದೆ, ಚಟ ಹತ್ತುತ್ತದೆ, ನೌಕರಿಯೂ ಹಾಗೇ. ಅಂದರೆ ಅದು ಹೊರಗಿನಿಂದ ಬಂದು ತಗಲುವಂಥದ್ದು. ಮಾಡುವವನ ಕೈಯಲ್ಲಿ ಇಲ್ಲದ್ದು. ಕಸುಬಿಗೆ ಬೇರೆ ಕ್ರಿಯಾಪದ ಇದೆ. ಕಸುಬನ್ನು ಕಲಿಯುತ್ತಾರೆ, ಮಗ್ಗಕ್ಕೆ ಕೂಡುತ್ತಾರೆ. ದುಡಿಯಲು ಊರು ಬಿಡುವುದಕ್ಕೆ ಮೂರನೆಯದು, ಗುಳೆ ಹೋಗುವುದು. ಹತ್ತುವುದು, ಕೂಡುವುದು, ಹೋಗುವುದು. ಈ ಮೂರು ಕ್ರಿಯಾಪದಗಳಲ್ಲಿ ಈ ಭಾಗದ ಯುವಜನರ ಉದ್ಯೋಗ ಚರಿತ್ರೆ ಹೆಚ್ಚುಕಡಿಮೆ ಇದೆ ಅನ್ನೋದು ನನ್ನ ವಾದ. ಪಾಲಮೂರು ಎಂಬ ಹಳೆ ಹೆಸರಿನ ಮಹಬೂಬ್‌ನಗರ ಜಿಲ್ಲೆಯ ಕೂಲಿಕಾರರು ದೇಶದ ಎಲ್ಲೆಲ್ಲೋ ಕಾಲುವೆ, ಕಟ್ಟೆ, ರಸ್ತೆ ಕಟ್ಟಲು ಹೋದವರು. ‘ಪಾಲಮೂರು ಲೇಬರ್’ ಎಂಬುದೇ ಒಂದು ಹೆಸರಾಗಿಬಿಟ್ಟಿತ್ತು. ‘ಗುಂಪು ಮೇಸ್ತ್ರಿ’ ಮುಂಗಡ ಕೊಟ್ಟು ಅವರನ್ನು ಕರೆದುಕೊಂಡು ಹೋಗುತ್ತಿದ್ದ. ನಾರಾಯಣಪೇಟೆ 2019ರ ಫೆಬ್ರವರಿಯಲ್ಲಿ, ಗದ್ವಾಲ್ 2016ರ ಅಕ್ಟೋಬರಿನಲ್ಲಿ ಜಿಲ್ಲೆಗಳಾಗುವ ತನಕ ಎರಡೂ ಆ ಮಹಬೂಬ್‌ನಗರದೊಳಗೇ ಇದ್ದವು.

ಈಗ ಇವುಗಳ ಮಧ್ಯೆ ನಾಲ್ಕನೆಯ ಪದ ಬಂದಿದೆ, ‘ಕೌಶಲ’. ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ 2014ರಲ್ಲಿ ಬಂತು. 15ರಿಂದ 35 ವರ್ಷದ ಗ್ರಾಮೀಣ ಬಡ ಕುಟುಂಬಗಳ ಯುವಜನರಿಗೆ ಅದು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರದು. ಇತ್ತೀಚೆಗೆ ತೆಲಂಗಾಣ ಸರ್ಕಾರ ಯಂಗ್ ಇಂಡಿಯಾ ಸ್ಕಿಲ್ಸ್ ಯೂನಿವರ್ಸಿಟಿ ಶುರು ಮಾಡಿದೆ, ಐ.ಟಿ.ಐ.ಗಳನ್ನು ಹೊಸ ಯಂತ್ರಗಳ ಕೇಂದ್ರಗಳಾಗಿ ಬದಲಿಸುತ್ತಿದೆ. ಇವು ಬೇಡ ಅಂತ ನಾನು ಹೇಳ್ತಿಲ್ಲ. ಇವುಗಳ ಕಥನದ ರಚನೆ ನೋಡಿ ಅಂತ ಹೇಳ್ತಿದ್ದೀನಿ. ಎಲ್ಲ ಕಡೆ ಒಂದೇ ಕಥೆ: ಒಬ್ಬ ಹಳ್ಳಿ ಹುಡುಗ ಅಥವಾ ಹುಡುಗಿ, ಕೈಯಲ್ಲಿ ಏನೂ ಇಲ್ಲ. ತರಬೇತಿ ಬರುತ್ತದೆ, ಕೌಶಲ ಬರುತ್ತದೆ, ಪಟ್ಟಣದಲ್ಲಿ ಕೆಲಸ ಬರುತ್ತದೆ. ಇದರಲ್ಲಿ ಮೊದಲ ವಾಕ್ಯವೇ ಸುಳ್ಳು. ಕೈಯಲ್ಲಿ ಏನೂ ಇಲ್ಲದ ಹುಡುಗ ನಾರಾಯಣಪೇಟೆಯಲ್ಲಿ ಎಲ್ಲಿದ್ದಾನೆ?

ಸೀರೆಯನ್ನೇ ತಗೊಳ್ಳಿ. ಗದ್ವಾಲ್ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಎರಡು ಬೇರೆ ಸ್ವಭಾವದ ನೂಲುಗಳು. ಒಂದು ಹಿಗ್ಗುತ್ತದೆ, ಇನ್ನೊಂದು ಜಾರುತ್ತದೆ. ಇವುಗಳ ಹೊಕ್ಕನ್ನು ಅಂಚಿನ ಗೆರೆಯಲ್ಲಿ ಒಂದಕ್ಕೊಂದು ಸಿಕ್ಕಿಸಿ ನೇಯಬೇಕು. ಒಡಲಿಗೆ ಒಂದು ಲಾಳಿ, ಎರಡು ಅಂಚುಗಳಿಗೆ ಎರಡು, ಹೀಗೆ ಮೂರು ಲಾಳಿಗಳು. ಪ್ರತಿ ಸಾಲಿನಲ್ಲಿ ಆ ಸಿಕ್ಕು ಸರಿಯಾಗಿ ಬೀಳಬೇಕು, ಎಲ್ಲೋ ಒಂದು ಕಡೆ ತಪ್ಪಿದರೆ ಅಂಚು ಒಡಲಿನಿಂದ ಬಿಟ್ಟುಕೊಳ್ಳುತ್ತದೆ. ನಾರಾಯಣಪೇಟೆ ಸೀರೆಯಲ್ಲಿ ಚೌಕಳಿ ಒಡಲು, ಗುಡಿಯಂಚು. ಒಂದೇ ಉದ್ದನೆಯ ಹಾಸನ್ನು ಮಗ್ಗಕ್ಕೆ ಏರಿಸಿ ಎಂಟು ಸೀರೆ ನೇಯುವ ಪದ್ಧತಿ ಅಲ್ಲಿಯದು. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಈ ಮನೆಯಲ್ಲಿ ಹತ್ತು ವರ್ಷದಿಂದ ಅಪ್ಪನ ಪಕ್ಕ ಕೂತು ಕಂಡಿಕೆ ಸುತ್ತಿಕೊಟ್ಟ ಹುಡುಗಿ, ಹೈದರಾಬಾದಿನ ಅಂಗಡಿಯಲ್ಲಿ ಬಟ್ಟೆ ಮಡಿಚಿಡುವ ತರಬೇತಿಗೆ ಸೇರುವಾಗ ಅರ್ಜಿಯಲ್ಲಿ ‘ಅನುಭವ: ಇಲ್ಲ’ ಎಂದು ಬರೆಯುತ್ತಾಳೆ. ಅರ್ಜಿಯ ಆ ಸಾಲೇ ಒಂದು ಸಣ್ಣಕಥೆ. ನಮ್ಮಲ್ಲಿ ಯಾರೂ ಇನ್ನೂ ಬರೆದಿಲ್ಲ.

ಇಲ್ಲೊಂದು ಪಕ್ಕದ ಮಾತು. ನಾರಾಯಣಪೇಟೆ ಸೀರೆಯ ಮೂಲದ ಬಗ್ಗೆ ಎಲ್ಲರೂ ಹೇಳುವ ಐತಿಹ್ಯ ಇದೆ: 1630ರಲ್ಲಿ ಶಿವಾಜಿ ಮಹಾರಾಜರು ಈ ದಾರಿಯಲ್ಲಿ ಹೋಗುವಾಗ ಬೀಡುಬಿಟ್ಟರು, ಜೊತೆಗಿದ್ದ ನೇಕಾರರಲ್ಲಿ ಕೆಲವರು ಇಲ್ಲೇ ಉಳಿದರು. 1630 ಶಿವಾಜಿ ಹುಟ್ಟಿದ ವರ್ಷ! ತೊಟ್ಟಿಲ ಕೂಸು ದಂಡು ತಗೊಂಡು ಬಂದಿರಲಿಕ್ಕಿಲ್ಲ. ಆದರೂ ಮಾರಾಟದ ಬರಹಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಗದ್ವಾಲಿಗೂ ಒಂದು ಕಥೆ ಇದೆ. ಸಂಸ್ಥಾನದವರು ನೇಕಾರರನ್ನು ಜರಿ ಕೆಲಸ ಕಲಿಯಲು ಬನಾರಸಿಗೆ ಕಳಿಸಿದ್ದರು ಅಂತ. ಇದು ನಿಜವಾದರೆ ಈ ಭಾಗದ ಹಳೆಯ ವೃತ್ತಿ ತರಬೇತಿಗಳಲ್ಲಿ ಒಂದು ಅದೇ. ಎರಡೂ ಕಥೆಗಳ ವ್ಯಾಕರಣ ಗಮನಿಸಿ. ನೇಕಾರ ಎಲ್ಲೂ ಕರ್ತೃವಲ್ಲ. ಅವನನ್ನು ಕರೆತರುತ್ತಾರೆ, ಬಿಟ್ಟುಹೋಗುತ್ತಾರೆ, ಕಳಿಸುತ್ತಾರೆ. ಪಂಡಿತರನ್ನು ಸಾಕಿದ್ದಕ್ಕೆ ‘ವಿದ್ವದ್ ಗದ್ವಾಲ’ ಎಂಬ ಬಿರುದು ಬಂದ ಊರು ಅದು. ಪಂಡಿತರ ಹೆಸರುಗಳು ಉಳಿದವು, ಸೀರೆಗೆ ಊರಿನ ಹೆಸರಷ್ಟೇ ಉಳಿಯಿತು.

ಕೌಶಲ ಯೋಜನೆಗಳಲ್ಲಿ ‘ಪೂರ್ವ ಕಲಿಕೆಯ ಮಾನ್ಯತೆ’ ಅಂತ ಒಂದು ಭಾಗ ಇದೆ. ಮೊದಲೇ ಕೆಲಸ ಗೊತ್ತಿರುವವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು. ನಾನು ಓದಿದ ಸರ್ಕಾರಿ ಪದಗಳಲ್ಲಿ ನನಗೆ ಇಷ್ಟವಾದದ್ದು ಇದೊಂದೇ, ಯಾಕಂದ್ರೆ ‘ಕೈಯಲ್ಲಿ ಏನೂ ಇಲ್ಲ’ ಎಂಬ ಮೊದಲ ವಾಕ್ಯವನ್ನು ಇದು ತಿದ್ದುತ್ತದೆ. ಆದರೆ ಪ್ರಮಾಣಪತ್ರ ಸಿಕ್ಕಿದ ಮೇಲೆ ಏನು? 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿದ್ದಾರೆ. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಂಗಸರು. ಮೂರರಲ್ಲಿ ಎರಡು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗೂ ಕಡಿಮೆ. ಅಲ್ಲಿ ಕೊರತೆ ಇರುವುದು ಕೌಶಲದ್ದಲ್ಲ, ಕೂಲಿಯದ್ದು. ನೂಲು ಸಾಹುಕಾರನದು, ನಕ್ಷೆ ಸಾಹುಕಾರನದು, ಮಾರಾಟವೂ ಅವನದೇ. ನೇಕಾರನಿಗೆ ಸೀರೆ ಲೆಕ್ಕದ ಕೂಲಿ. ಇಂಥ ಕಡೆ ‘ಕೌಶಲದ ಕೊರತೆ’ ಎಂಬ ಮಾತು ರೋಗ ಒಂದು, ಔಷಧಿ ಇನ್ನೊಂದು ಎಂಬಂತಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿ ಇದ್ದಾನೆ, ಮೀನಿನ ಬಲೆ ಹೆಣೆಯುವವನಿದ್ದಾನೆ, ಕೈಮಗ್ಗದ ನೇಕಾರ ಇಲ್ಲ. ನೇಕಾರರಿಗೆ ಜವಳಿ ಇಲಾಖೆಯ ಬೇರೆ ಯೋಜನೆಗಳಿವೆ ಅನ್ನೋದು ಅದಕ್ಕೆ ಉತ್ತರ, ಆ ಉತ್ತರ ತಪ್ಪೂ ಅಲ್ಲ. ಆದರೆ ಬಟ್ಟೆ ಹೊಲಿಯುವವನು ಒಂದು ಕಚೇರಿಗೆ, ನೇಯುವವನು ಇನ್ನೊಂದು ಕಚೇರಿಗೆ ಸೇರಿದ್ದಾನೆ ಅಂತ ಒಂದೇ ಓಣಿಯ ಇಬ್ಬರು ಹುಡುಗರಿಗೆ ಹೇಗೆ ತಿಳಿಯಬೇಕು?

ಈಗ ಸಾಹಿತ್ಯಕ್ಕೆ ಬರ್ತೀನಿ. ಕೆಲಸವಿಲ್ಲದ ಯುವಕ ನಮ್ಮ ಕಾದಂಬರಿಗೆ ಹೊಸಬನಲ್ಲ. 1940ರ ದಶಕದ ‘ಮರಳಿ ಮಣ್ಣಿಗೆ’ಯಲ್ಲಿ ಕಾರಂತರ ರಾಮ ಓದಿ, ಪಟ್ಟಣಗಳಲ್ಲಿ ಅಲೆದು, ಕೊನೆಗೆ ಊರ ಮಣ್ಣಿಗೆ ಬರುತ್ತಾನೆ. ನಮ್ಮ ವಿಮರ್ಶೆ ಇದನ್ನು ಮಣ್ಣಿನ ಸೆಳೆತ, ಬೇರುಗಳಿಗೆ ಮರಳುವುದು ಅಂತ ಬಹಳ ಸಂಭ್ರಮದಿಂದ ಓದಿದೆ. ನನಗೆ ಇದರಲ್ಲಿ ಒಂದು ತಕರಾರಿದೆ. ರಾಮ ಮರಳಲು ಅಲ್ಲಿ ಮಣ್ಣು ಇತ್ತು. ನಾಗವೇಣಿಯಂಥ ತಾಯಿ ಕಷ್ಟಪಟ್ಟು ಕಾಯ್ದುಕೊಂಡ ಮನೆ ಇತ್ತು. ಮಕ್ತಲ್‌ನ ಭೂಮಿಯಿಲ್ಲದ ಮನೆಯ ಹುಡುಗ ಹೈದರಾಬಾದಿನಿಂದ ವಾಪಸು ಬಂದರೆ ಅದು ‘ಮರಳುವುದು’ ಆಗುವುದಿಲ್ಲ, ‘ಸೋತು ಬರುವುದು’ ಆಗುತ್ತದೆ. ಕಾರಂತರ ಕಾದಂಬರಿಯ ಮೇಲೆ ನನ್ನ ದೂರಿಲ್ಲ. ಮರಳುವಿಕೆಯನ್ನು ಎಲ್ಲರಿಗೂ ಒಪ್ಪುವ ಮೌಲ್ಯ ಮಾಡಿದ ನಮ್ಮ ಓದಿನ ಮೇಲಿದೆ.

ನನ್ನ ವಿಷಯಕ್ಕೆ ಹೆಚ್ಚು ಹತ್ತಿರದ ಪಾತ್ರ ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣ. ಊರಿನ ಕಣ್ಣಿಗೆ ಅವನು ಉಪಯೋಗಕ್ಕೆ ಬಾರದ ಉಂಡಾಡಿ. ಜೇನು, ಕಾಡು, ಹುಳಹುಪ್ಪಟೆ ಬಗ್ಗೆ ಅವನಿಗೆ ಗೊತ್ತಿರುವುದನ್ನು ‘ತಿಳುವಳಿಕೆ’ ಅಂತ ಗುರುತಿಸುವವರು ವಿಜ್ಞಾನಿ ಕರ್ವಾಲೊ ಒಬ್ಬರೇ. 1980ರ ಈ ಕಾದಂಬರಿಯನ್ನು ನಾವು ವಿಸ್ಮಯದ ಹುಡುಕಾಟ, ವಿಕಾಸವಾದ, ಓತಿಕ್ಯಾತ ಅಂತೆಲ್ಲ ಓದಿದ್ದೀವಿ. ಪೂರ್ವ ಕಲಿಕೆಯ ಮಾನ್ಯತೆಯ ಕಾದಂಬರಿ ಅಂತ ಓದಿದವರು ಕಡಿಮೆ. ಹಾಗೆ ಓದಿದಾಗ ಒಂದು ಇಕ್ಕಟ್ಟು ಕಾಣಿಸುತ್ತದೆ. ಮಂದಣ್ಣನಿಗೆ ತನ್ನ ತಿಳುವಳಿಕೆಯ ಬಗ್ಗೆ ಹೆಮ್ಮೆಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಒಂದು ನೌಕರಿ. ನಿರೂಪಕನಿಗೆ ಅದು ತಮಾಷೆಯಾಗಿ ಕಾಣುತ್ತದೆ, ಓದುವ ನಮಗೂ ನಗು ಬರುತ್ತದೆ. ಗಡಿಯ ಹಳ್ಳಿಯಿಂದ ಓದುವಾಗ ಆ ನಗು ಸ್ವಲ್ಪ ಒಣಗುತ್ತದೆ. ಅವನಿಗೆ ವಿಸ್ಮಯ ಬೇಕಿರಲಿಲ್ಲ ಅಂತಲ್ಲ, ಪಗಾರವೂ ಬೇಕಿತ್ತು.

ನಮ್ಮ ಭಾಗದ್ದೇ ಕತೆ ಬೇಕಂದರೆ ಅಮರೇಶ ನುಗಡೋಣಿಯವರ ‘ಸವಾರಿ’ ಇದೆ. 2010ರಲ್ಲಿ ಗಿರೀಶ ಕಾಸರವಳ್ಳಿಯವರು ‘ಕನಸೆಂಬೋ ಕುದುರೆಯನೇರಿ’ ಅಂತ ಸಿನಿಮಾ ಮಾಡಿದರು. ಗುಂಡಿ ತೋಡುವವನ ಕಸುಬು ಅಲ್ಲಿ ಬರೀ ಹೊಟ್ಟೆಪಾಡಲ್ಲ, ಅವನ ನಂಬಿಕೆ, ಕನಸು ಎಲ್ಲ ಅದಕ್ಕೆ ಕಟ್ಟಿಕೊಂಡಿವೆ. ಕಸುಬು ಹೋದರೆ ಮನುಷ್ಯನಿಗೆ ಸಂಬಳದ ಜೊತೆ ಇನ್ನೇನು ಹೋಗುತ್ತದೆ ಅನ್ನೋದಕ್ಕೆ ಅದನ್ನು ನೋಡಬೇಕು. ವಿಸ್ತರಿಸಲು ಸಮಯ ಇಲ್ಲ.

ವಚನಗಳ ವಿಚಾರ ಮಾತ್ರ ಬಿಡುವ ಹಾಗಿಲ್ಲ. ತರಬೇತಿ ಶಿಬಿರದ ಉದ್ಘಾಟನೆ ಎಲ್ಲೇ ನಡೆಯಲಿ, ಕನ್ನಡದವರು ಯಾರಾದರೂ ವೇದಿಕೆ ಮೇಲಿದ್ದರೆ ಕಾಯಕದ ಮಾತು ಬಂದೇ ಬರುತ್ತದೆ. ಈ ನೆಲದ ಹತ್ತಿರದಲ್ಲೇ ನೇಕಾರ ವಚನಕಾರ ಇದ್ದ: ಜೇಡರ ದಾಸಿಮಯ್ಯ. ಅವನ ಮುದನೂರು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿದೆ, ಯಾದಗಿರಿ ನಾರಾಯಣಪೇಟೆಗೆ ಅಂಟಿಕೊಂಡ ಜಿಲ್ಲೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ರಾಯಚೂರು ಜಿಲ್ಲೆಯವರು. ಭಾಷಣಗಳಲ್ಲಿ ಕಾಯಕ ಅಂದರೆ ಸುಮ್ಮನೆ ದುಡಿ ಅಂತ ಅರ್ಥ ಆಗಿಬಿಟ್ಟಿದೆ. ಆದರೆ ಲಕ್ಕಮ್ಮನ ಪ್ರಸಂಗ ನೆನಪಿಸಿಕೊಳ್ಳಿ. ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಅಳತೆಯ ಪ್ರಶ್ನೆ ಎತ್ತುತ್ತಾಳೆ, ಹೆಚ್ಚಿಗೆಯದನ್ನು ವಾಪಸು ಸುರಿದು ಬಾ ಅಂತಾಳೆ. ಅಂದರೆ ಕಾಯಕದಲ್ಲಿ ದುಡಿಮೆ ಎಷ್ಟೋ ಅಳತೆಯೂ ಅಷ್ಟೇ. ಯಾರಿಗೆ ಎಷ್ಟು, ಉಳಿದದ್ದು ಎಲ್ಲಿಗೆ, ಎಂಬ ಲೆಕ್ಕ. ಕಾಯಕದ ಜೋಡಿ ಪದ ದಾಸೋಹ ಇರುವುದೂ ಆ ಲೆಕ್ಕಕ್ಕೇ. ಅಳತೆಯನ್ನು ಕೈಬಿಟ್ಟು ಕಾಯಕವನ್ನು ಮಾತ್ರ ಎತ್ತಿಕೊಂಡ ಭಾಷಣ ಸಾಹುಕಾರನಿಗೆ ಬಹಳ ಅನುಕೂಲ. ಐದು ಸಾವಿರದಲ್ಲಿ ತಿಂಗಳು ದೂಡುವ ಮನೆಗೆ ಕಾಯಕ ಉಪದೇಶ ಮಾಡುವವರಿಗೆ ಲಕ್ಕಮ್ಮ ಒಂದು ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಇನ್ನು ಗಡಿ. ಇಲ್ಲಿಯವರೆಗಿನದು ಯಾವ ಹಳ್ಳಿಗಾದರೂ ಅನ್ವಯಿಸಬಹುದು, ಇದು ಮಾತ್ರ ನಮ್ಮದೇ. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರ ತನಕ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ತೆಲುಗು ಮಾತಾಡುವವರು ಹೆಚ್ಚಿದ್ದದ್ದರಿಂದ ಆ ವಿಭಜನೆ ಅನ್ಯಾಯ ಅಂತ ನಾನು ವಾದಿಸುವುದಿಲ್ಲ. ಅದರ ಫಲ ಮಾತ್ರ ಹೇಳ್ತೀನಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371-ಜೆ ವಿಧಿ, ಹಿಂದುಳಿದ ಹೈದರಾಬಾದ್ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಟ್ಟಿತು. ಹಿಂದುಳಿದಿರುವಿಕೆಗೆ ಕಾರಣವಾದ ನಿಜಾಮರ ಆಡಳಿತ ಕೃಷ್ಣೆಯ ಎರಡೂ ದಡದಲ್ಲಿತ್ತು. ಪರಿಹಾರ ಒಂದು ದಡದಲ್ಲಿ ನಿಂತಿತು. ಕೃಷ್ಣಾ ಮಂಡಲದಿಂದ ಹೊಳೆ ದಾಟಿದರೆ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ. ಈ ಕಡೆ ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶವೂ ದೂರವಲ್ಲ. ಹೊಗೆ ಗಡಿ ನೋಡುವುದಿಲ್ಲ, ನೇಮಕಾತಿ ನೋಡುತ್ತದೆ.

‘ಕನ್ನಡಿಗ’ ಎಂಬ ಪದವನ್ನು ಕಾನೂನು ಹೇಗೆ ಬರೆಯುತ್ತದೆ ನೋಡಿ. 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಹಿಡಿದು 2024ರ ಜುಲೈನಲ್ಲಿ ಸಂಪುಟ ಒಪ್ಪಿ ಮರುದಿನಗಳಲ್ಲೇ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯ ತನಕ ಎರಡು ಅಳತೆಗಳು: ರಾಜ್ಯದಲ್ಲಿ 15 ವರ್ಷ ವಾಸ, ಮತ್ತು ಕನ್ನಡ ಓದಲು ಬರೆಯಲು ಮಾತಾಡಲು ಬರುವುದು. ಮಾಗನೂರು, ಕೃಷ್ಣಾ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿ ಎರಡನೆಯದರಲ್ಲಿ ಬೆಂಗಳೂರಿನ ಎಷ್ಟೋ ಮಕ್ಕಳಿಗಿಂತ ಮುಂದಿರುತ್ತಾಳೆ. ಮೊದಲನೆಯದರಲ್ಲಿ ಫೇಲು. ತೆಲಂಗಾಣದಲ್ಲಿ ಇದರ ಉಲ್ಟಾ. 2018ರ ರಾಷ್ಟ್ರಪತಿ ಆದೇಶದ ಪ್ರಕಾರ ಅಲ್ಲಿ ನೇರ ನೇಮಕಾತಿಯಲ್ಲಿ ನೂರಕ್ಕೆ 95 ಹುದ್ದೆಗಳು ಸ್ಥಳೀಯರಿಗೆ. ಇವಳು ಅಲ್ಲಿ ಸ್ಥಳೀಯಳೇ. ಆದರೆ ಓದಿದ್ದು ಕನ್ನಡದಲ್ಲಿ, ಸ್ಪರ್ಧೆ ತೆಲುಗು ಅಥವಾ ಇಂಗ್ಲಿಷಿನಲ್ಲಿ. ಒಂದು ಕಡೆ ಭಾಷೆ ಇದೆ, ವಿಳಾಸ ಇಲ್ಲ. ಇನ್ನೊಂದು ಕಡೆ ವಿಳಾಸ ಇದೆ, ಭಾಷೆ ಇಲ್ಲ.

ನನ್ನ ದೊಡ್ಡಪ್ಪನ ಮಗ ಹೀಗೇ ಕನ್ನಡ ಮಾಧ್ಯಮದಲ್ಲಿ ಓದಿದವನು. ಒಂದು ತರಬೇತಿ ಕೇಂದ್ರಕ್ಕೆ ಸೇರಿದ. ಹೆಸರು ಬೇಡ, ಅಂಥವು ಬಹಳ ಇವೆ. ಪಾಠ ತೆಲುಗಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಮಾತಿನ ತೆಲುಗು ಅವನಿಗೆ ನೀರು ಕುಡಿದಷ್ಟು ಸಲೀಸು, ಬರೆಯಲು ಕೂತರೆ ಕೈ ನಡೆಯುವುದಿಲ್ಲ. ಹೈದರಾಬಾದಿನಲ್ಲಿ ಕೆಲಸಕ್ಕೆ ಹಾಕಿದರು, ನಾಲ್ಕು ತಿಂಗಳಿಗೆ ವಾಪಸು ಬಂದ. ಕೊಠಡಿ ಬಾಡಿಗೆ, ಊಟ ಕಳೆದರೆ ಕೈಗೆ ಏನೂ ಉಳಿಯುತ್ತಿರಲಿಲ್ಲ. ಮೂರು ತಿಂಗಳು ಕೆಲಸದಲ್ಲಿದ್ದರೆ ಯೋಜನೆಯ ಲೆಕ್ಕದಲ್ಲಿ ‘ಪ್ಲೇಸ್‌ಮೆಂಟ್’ ಆಯಿತು. ಹಾಗಾಗಿ ಕಡತದಲ್ಲಿ ಅವನು ಯಶಸ್ವಿ ಅಭ್ಯರ್ಥಿ, ಓಣಿಯಲ್ಲಿ ನೌಕರಿ ‘ಹತ್ತದ’ ಹುಡುಗ. ಈಗ ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೀತಾನೆ, ಕನ್ನಡದಲ್ಲಿ. ಅದಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಬೇರೆ ಮಾದರಿ ಇಲ್ಲವೇ? ಇದೆ, ಅದೂ ಕನ್ನಡ ನೆಲದ್ದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್. ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಮಾಡಿದ್ದು. ಅಲ್ಪಾವಧಿಯ ವಸತಿ ತರಬೇತಿ, ಆಮೇಲೆ ಬ್ಯಾಂಕ್ ಸಾಲದ ದಾರಿ, ತರಬೇತಿ ಮುಗಿದ ಮೇಲೂ ಬೆನ್ನಹಿಂದೆ ನಿಲ್ಲುವುದು. ಅದೇ ಮುಂದೆ ದೇಶದ ಜಿಲ್ಲೆಗಳಿಗೆ ಆರ್‌ಸೆಟಿಯಾಗಿ ಹೋಯಿತು. ಅದರ ಬಲ ಇದ್ದದ್ದು ಊರಿನಲ್ಲೇ ನಡೆಯುವ ಕೆಲಸ ಮತ್ತು ಕಲಿಯುವವನ ಮಾತಿನಲ್ಲೇ ಪಾಠ ಎಂಬ ಎರಡು ಸರಳ ಸಂಗತಿಗಳಲ್ಲಿ. ಕನ್ನಡದಲ್ಲಿ ಹುಟ್ಟಿದ ಈ ಮಾದರಿ ಗಡಿ ದಾಟಿ ಬಂದಾಗ, ಗಡಿಯ ಕನ್ನಡದ ಮಕ್ಕಳಿಗೆ ಮಾತ್ರ ಅದು ಕನ್ನಡದಲ್ಲಿ ಸಿಗುವುದಿಲ್ಲ.

ಅಧ್ಯಕ್ಷರು ಸಮಯ ತೋರಿಸ್ತಿದ್ದಾರೆ. ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ, ಉತ್ತರಿಸಿ ಮುಗಿಸ್ತೀನಿ.

ಒಂದು: ಹಾಗಾದರೆ ನೇಕಾರರ ಮಕ್ಕಳು ಮಗ್ಗದಲ್ಲೇ ಇರಬೇಕು ಅಂತ ನಿಮ್ಮ ಅಭಿಪ್ರಾಯವೇ? ಖಂಡಿತ ಅಲ್ಲ ಮೇಡಂ. ಅಪ್ಪನ ಕಸುಬು ಮಗನಿಗೆ ಅನ್ನುವುದನ್ನು ಜಾತಿ ಪದ್ಧತಿ ಸಾಕಷ್ಟು ಕಾಲ ಹೇಳಿದೆ, ನಾನೂ ಹೇಳಬೇಕಾಗಿಲ್ಲ. ಮಗ್ಗ ಬಿಡುವ ಹುಡುಗಿ ‘ಏನೂ ಬಾರದವಳು’ ಎಂಬ ಹೆಸರಿನಿಂದ ಹೊರಡಬಾರದು, ಇರುವವಳು ಐದು ಸಾವಿರಕ್ಕೆ ಇರಬಾರದು. ನನ್ನ ಮಾತು ಇಷ್ಟೇ.

ಎರಡನೆಯದು, ಇದರಲ್ಲಿ ಕನ್ನಡ ವಿಭಾಗ ಏನು ಮಾಡಬಹುದು ಅಂತ ಗುರುಗಳು ಕೇಳಿದ್ದಾರೆ. ಸರ್, ದೊಡ್ಡ ಮಾತು ನನಗೆ ಗೊತ್ತಿಲ್ಲ. ಕುಂ. ವೀರಭದ್ರಪ್ಪನವರು ಆಂಧ್ರದ ಗಡಿ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದವರು. ಆ ಅನುಭವ ಅವರ ಬರಹಕ್ಕೆ ಬಂತು, ಆದರೆ ಆ ಶಾಲೆಗಳ ಮಕ್ಕಳು ಮುಂದೆ ಏನಾದರು ಅಂತ ನಮ್ಮ ವಿಭಾಗಗಳು ವಿಚಾರಿಸಲಿಲ್ಲ. ನಾನು ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ನಮ್ಮ ಕಡೆ ‘ಹಾಸು, ಹೊಕ್ಕು’ ಅಂತೀವಿ, ತೆಲುಗಿನವರು ‘ಪಡುಗು, ಪೇಕ’ ಅಂತಾರೆ. ನಾರಾಯಣಪೇಟೆಯ ಒಂದೇ ಓಣಿಯಲ್ಲಿ ಎರಡೂ ಕೇಳಿಸುತ್ತವೆ, ಜೊತೆಗೆ ಮರಾಠಿ, ದಖನಿ. ಮಗ್ಗದ್ದು, ಮೋಟರ್ ರಿಪೇರಿಯದ್ದು, ಹೊಲಿಗೆಯದ್ದು, ಹೀಗೆ ಐ.ಟಿ.ಐ.ಯಲ್ಲಿ ಬೇಕಾಗುವ ಪದಗಳನ್ನು ಕನ್ನಡ, ತೆಲುಗು ಎರಡು ಲಿಪಿಯಲ್ಲೂ ಜೋಡಿಸಿದ ಒಂದು ಪದಕೋಶ ಮಾಡಬೇಕು ಅಂತಿದೆ. ಕನ್ನಡ ಮಾಧ್ಯಮದ ಹುಡುಗ ಮೊದಲ ವಾರ ತರಗತಿಯಲ್ಲಿ ಬೆಪ್ಪಾಗಿ ಕೂರದಿರಲು ಅಷ್ಟು ಸಾಕಾಗಬಹುದು. ಎಂ.ಎ. ಕಿರುಪ್ರಬಂಧಕ್ಕೆ ಇದನ್ನೇ ತಗೊಳ್ಳಲು ಕೇಳಿದ್ದೀನಿ, ಒಪ್ಪಿಗೆ ಇನ್ನೂ ಬಂದಿಲ್ಲ.